ಮೂರು ಕೆಂಪು, ಎರಡು ಬಿಳಿ

ಇಳಕಲ್ಲಿನಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೊರಟರೆ ಅಮೀನಗಡದ ಕರದಂಟು ದಾಟಿ, ಬಾಗಲಕೋಟೆ, ಲೋಕಾಪುರ, ಯರಗಟ್ಟಿ ಮುಗಿಯುವ ಹೊತ್ತಿಗೆ ಸೊಂಟ ತಕರಾರು ತೆಗೆಯುತ್ತದೆ. ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಕನ್ನಡಕದ ನಂಬರು ಬದಲಾಗಿಲ್ಲ ಎಂದರು. ಮರಳುವ ಬಸ್ಸಿಗೆ ಇನ್ನೂ ಮೂರು ತಾಸು ಇತ್ತು.

ಟಿಳಕವಾಡಿಯ ಒಂದು ಸಭಾಂಗಣದ ಮುಂದೆ ಫಲಕ ಕಂಡಿತು: ಊರಿನ ಕಲಾವಿದರ ಬಹುಮಾನಿತ ಚಿತ್ರಗಳು, ಪ್ರವೇಶ ಉಚಿತ. ಬೆಳಗಾವಿಗೆ ಇದು ಹೊಸದಲ್ಲ. ಕೆ.ಬಿ. ಕುಲಕರ್ಣಿಯವರು ಕುಂಚ ಹಿಡಿದು ಕಲಿಸಿದ ಊರು. 1935ರಲ್ಲಿ ಇಲ್ಲೇ ಹುಟ್ಟಿದ ರವಿ ಪರಾಂಜಪೆ ಅವರಲ್ಲೇ ಪಳಗಿದವರು. ಕಂಡದ್ದನ್ನು ಕಂಡಂತೆ ಬರೆಯುವ ಹಟ ಇಲ್ಲಿಯ ಗೋಡೆಗಳಲ್ಲಿ ಇನ್ನೂ ಉಳಿದಿದೆ.

ಕೋಟೆಯೊಳಗಿನ ಕಮಲ ಬಸದಿ, ಮಳೆಗಾಲದ ಗೋಕಾಕ ಜಲಪಾತ ಎಲ್ಲವೂ ಚೆನ್ನಾಗಿದ್ದವು. ಆದರೆ ಜಲಪಾತ ಬರೆಯದ ಕಲಾವಿದ ಈ ಜಿಲ್ಲೆಯಲ್ಲಿ ಇದ್ದಾನೆಯೇ? ನಾನು ಬೇಗ ಬೇಗ ಮುಂದೆ ಸಾಗಿದೆ. ಅವ್ವ ಹಿಂದೆಯೇ ಉಳಿದಳು.

ಅವಳು ನಿಂತದ್ದು ಇಳಕಲ್ ಸೀರೆಯುಟ್ಟು ಜೋಳ ಹಸನು ಮಾಡುತ್ತಿದ್ದ ಮುದುಕಿಯ ತೈಲಚಿತ್ರದ ಮುಂದೆ. ಕೆಳಗೆ ಮೊದಲ ಬಹುಮಾನದ ಚೀಟಿ. ಅವ್ವ ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದಳು.

"ನಾಲ್ಕು ಕೆಂಪು ಬರೆದಿದ್ದಾನೆ" ಎಂದಳು. "ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ. ನಾಲ್ಕು ಎಲ್ಲಿಂದ ಬಂತು?"

ಪಕ್ಕದಲ್ಲಿದ್ದ ಯುವಕ ತಿರುಗಿ ನೋಡಿದ. ಚಿತ್ರ ಅವನದೇ. ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು. ಅವ್ವ ಮಾತ್ರ ತನ್ನ ಸೆರಗನ್ನೇ ಚಿತ್ರದ ಪಕ್ಕಕ್ಕೆ ಹಿಡಿದು ಪಾಠ ಶುರುಮಾಡಿದಳು. ಮೈಯ ಹಾಸು, ಅಂದರೆ ಉದ್ದದ ಎಳೆ, ಹತ್ತಿಯದು; ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಹೀಗೆ ಪ್ರತಿ ಸೀರೆಗೂ. ಬಿಳಿಯಲ್ಲಿ ಹಲ್ಲು ಹಲ್ಲಾಗಿರುವುದು ಹಣಿಗೆ, ಜೋಳದ ತೆನೆಯಂತಿರುವುದು ಟೋಪತೆನೆ. ಮಗ್ಗದ ಮನೆಯಲ್ಲಿ ಹುಟ್ಟಿದವಳನ್ನು ತಡೆಯುವವರು ಯಾರು?

ಯುವಕ ಮೊಬೈಲ್ ತೆಗೆದು ಸೆರಗಿನ ಫೋಟೊ ತೆಗೆದುಕೊಂಡ. "ತಿದ್ದಿ ಬರೆಯುತ್ತೇನೆ, ಅವ್ವಾ" ಎಂದ.

"ಬೇಡ ತಮ್ಮಾ, ಬಹುಮಾನ ಕೊಟ್ಟವರಿಗೆ ಮುಜುಗರವಾದೀತು" ಎಂದಳು. ಆಮೇಲೆ ಚಿತ್ರದ ಮುದುಕಿಯ ಮಂಡಿಯ ಕಡೆಗೆ ಬೆರಳು ತೋರಿಸಿದಳು. ಅಲ್ಲಿ ಸೀರೆಯ ಬಣ್ಣ ತುಸು ಮಾಸಿತ್ತು. "ಮೊರ ಊರಿ ಊರಿ ಸವೆಯುವ ಜಾಗ. ಇದನ್ನು ಎಲ್ಲಿ ನೋಡಿದೆ?"

"ನಮ್ಮ ಅಜ್ಜಿಯದು" ಎಂದ ಅವನು.

ಅವ್ವ ಮತ್ತೆ ಸೆರಗಿನ ಮಾತು ಎತ್ತಲಿಲ್ಲ. ಇಬ್ಬರೂ ಜೋಳದ ಹೊಟ್ಟಿನ ಬಣ್ಣದ ಬಗ್ಗೆ ಮಾತನಾಡುತ್ತ ನಿಂತುಬಿಟ್ಟರು. ಕುಂದಾ ಕೊಳ್ಳಲು ನಾನೊಬ್ಬಳೇ ಹೋಗಿ ಬಂದೆ.