ದುಡಿಯುವವರನ್ನು ದೊಡ್ಡದಾಗಿ ಬರೆದವರು

ದಕ್ಷಿಣ ಆಫ್ರಿಕಾದ ಕಪ್ಪು ಚಿತ್ರಕಲಾವಿದ ಜೆರಾರ್ಡ್ ಸೆಕೊಟೊ 1946-47ರ ಸುಮಾರಿಗೆ ಬರೆದ ‘ಸಾಂಗ್ ಆಫ್ ದಿ ಪಿಕ್’ ಚಿತ್ರದಲ್ಲಿ ಕಪ್ಪು ಕೂಲಿಕಾರರು ಸಾಲಾಗಿ ನಿಂತು, ಒಂದೇ ಲಯಕ್ಕೆ ಪಿಕಾಸಿಗಳನ್ನು ಎತ್ತಿದ್ದಾರೆ. ಅವರ ಬೆನ್ನು, ತೋಳು, ತೊಡೆಗಳೇ ಚಿತ್ರದ ಬಹುಭಾಗವನ್ನು ತುಂಬಿವೆ. ಅವರ ಮೇಲೆ ಕಣ್ಣಿಟ್ಟಿರಬೇಕಾದ ಬಿಳಿಯ ಮೇಸ್ತ್ರಿ ಜೇಬಿನಲ್ಲಿ ಕೈಯಿಟ್ಟುಕೊಂಡು ಸಣಕಲಾಗಿ ನಿಂತಿದ್ದಾನೆ. ಬೀದಿಯಲ್ಲಿ ಅಧಿಕಾರ ಯಾರದಾಗಿತ್ತು ಎಂಬುದು ಆ ಕಾಲದ ಎಲ್ಲರಿಗೂ ಗೊತ್ತಿತ್ತು. ಆದರೆ ಚಿತ್ರದೊಳಗೆ ಶಕ್ತಿ ಯಾರದು ಎಂಬುದನ್ನು ಸೆಕೊಟೊ ಆಳುಗಳ ಗಾತ್ರದಿಂದ ಮತ್ತು ನಿಲುವಿನಿಂದಲೇ ತೀರ್ಮಾನಿಸಿಬಿಟ್ಟರು. ಒಂದು ಘೋಷಣೆಯನ್ನೂ ಬರೆಯದೆ, ಒಬ್ಬರ ಮುಖದಲ್ಲೂ ಕಣ್ಣೀರು ತಾರದೆ ಇಷ್ಟು ಕಟುವಾದ ಸಾಮಾಜಿಕ ಟೀಕೆ ಸಾಧ್ಯವಾಗಿರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

1913ರಲ್ಲಿ ಹುಟ್ಟಿದ ಸೆಕೊಟೊ ಮೊದಲು ಶಾಲಾ ಮಾಸ್ತರರಾಗಿದ್ದರು. ಆ ಕೆಲಸ ಬಿಟ್ಟು 1938ರಲ್ಲಿ ಜೋಹಾನ್ಸ್‌ಬರ್ಗಿಗೆ ಬಂದು, ಸೋಫಿಯಾಟೌನ್ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಸುತ್ತಲಿನ ಬದುಕನ್ನು ಬರೆಯತೊಡಗಿದರು. ಅಲ್ಲಿನ ಒಂದು ಬೀದಿಯ ಹಳದಿ ಮನೆಗಳ ಚಿತ್ರವನ್ನು 1940ರಲ್ಲಿ ಜೋಹಾನ್ಸ್‌ಬರ್ಗ್ ಆರ್ಟ್ ಗ್ಯಾಲರಿ ಕೊಂಡಿತು. ಕಪ್ಪು ಕಲಾವಿದನೊಬ್ಬನ ವರ್ಣಚಿತ್ರ ಆ ಸಂಗ್ರಹವನ್ನು ಸೇರಿದ್ದು ಅದೇ ಮೊದಲು. ನನಗೆ ವಿಶೇಷವಾಗಿ ಇಷ್ಟವಾದದ್ದು ‘ಸಿಕ್ಸ್‌ಪೆನ್ಸ್ ಎ ಡೋರ್’. ಒಳಗೆ ನಡೆಯುವ ಕುಣಿತಕ್ಕೆ ಆರು ಪೆನ್ಸ್ ಪ್ರವೇಶಧನ. ಅದನ್ನು ತೆರಲಾಗದವರು ಡೇರೆಯ ಹೊರಗೆ ಗುಂಪುಗೂಡಿ ನಿಂತಿದ್ದಾರೆ. ಬಡತನದ ಚಿತ್ರವೆಂದರೆ ಮರುಕ ಹುಟ್ಟಿಸುವ ಚಿತ್ರವೇ ಆಗಬೇಕೆಂದು ನಂಬಿದವರು ಈ ಗುಂಪಿನ ಭಾನುವಾರದ ಗೆಲುವನ್ನು ಒಮ್ಮೆ ನೋಡಬೇಕು. ಸೆಕೊಟೊ 1947ರಲ್ಲಿ ಪ್ಯಾರಿಸ್ಸಿಗೆ ಹೊರಟುಹೋದರು, ಅಲ್ಲಿ ಹೊಟ್ಟೆಪಾಡಿಗೆ ಬಾರುಗಳಲ್ಲಿ ಪಿಯಾನೊ ನುಡಿಸಿದರು, ಮತ್ತೆ ತಾಯ್ನಾಡಿಗೆ ಮರಳದೆ 1993ರಲ್ಲಿ ತೀರಿಕೊಂಡರು. ಅವರು ಬರೆದ ಸೋಫಿಯಾಟೌನನ್ನು 1955ರಿಂದ ಸರ್ಕಾರ ತೆರವುಗೊಳಿಸಿ, ಬಿಳಿಯರ ಬಡಾವಣೆಯನ್ನಾಗಿ ಮಾಡಿ, ‘ಟ್ರಿಯೊಂಫ್’ (ವಿಜಯ) ಎಂದು ಹೆಸರಿಟ್ಟಿತು. ಹಾಗಾಗಿ ಆ ಹಳದಿ ಮನೆಗಳ ಚಿತ್ರ ಈಗ ಸಾಕ್ಷ್ಯವೂ ಹೌದು.

ಕಾಂಗೋದಲ್ಲಿ ಸಾಮಾನ್ಯರ ಬದುಕನ್ನು ಚಿತ್ರಕ್ಕೆ ತರುವ ಈ ಕೆಲಸ ಬೇರೆ ಬಗೆಯಲ್ಲಿ ನಡೆಯಿತು. ಶೇರಿ ಸಾಂಬಾ ಕಿನ್ಶಾಸಾದಲ್ಲಿ ಅಂಗಡಿಗಳ ಬೋರ್ಡು ಬರೆದು ಕೈ ಪಳಗಿಸಿಕೊಂಡವರು. 1975ರಲ್ಲಿ ಸ್ವಂತ ಕಾರ್ಯಾಗಾರ ತೆರೆದ ಮೇಲೆ, ಚಿತ್ರದೊಳಗೇ ಅಕ್ಷರಗಳನ್ನು ಬರೆದು, ದಾರಿಹೋಕರು ನಿಂತು ಓದಿ ವಾದಿಸುವಂತೆ ಮಾಡಿದರು. ಲುಬುಂಬಾಶಿಯಲ್ಲಿ 1970ರ ದಶಕದಲ್ಲಿ ಷಿಬುಂಬಾ ಕಂಡಾ ಮಟುಲು ಮತ್ತು ಅವರಂಥ ಇತರರು ಹಿಟ್ಟಿನ ಚೀಲದ ಬಟ್ಟೆಯ ಮೇಲೆ ದೇಶದ ಚರಿತ್ರೆಯನ್ನು ಬರೆದರು. ಬೆಲ್ಜಿಯಂ ಆಳ್ವಿಕೆಯ ಕಾಲದಲ್ಲಿ ಅಧಿಕಾರಿಯ ಎದುರು ಕೈದಿಗೆ ಚಾಟಿಯೇಟು ಬೀಳುತ್ತಿರುವ ದೃಶ್ಯ ಅವುಗಳಲ್ಲಿ ಬಹಳ ಪ್ರಚಲಿತ. ಅದನ್ನು ಕೊಂಡವರಲ್ಲಿ ಸಾಧಾರಣ ನಗರವಾಸಿಗಳಿದ್ದರು, ತಮ್ಮ ಮನೆಯ ಕೂರುವ ಕೋಣೆಯಲ್ಲಿ ಅದನ್ನು ತೂಗುಹಾಕಿಕೊಂಡರು. ತಮ್ಮವರು ಪಟ್ಟ ಅವಮಾನವನ್ನು ಬಂದ ಅತಿಥಿಗಳ ಕಣ್ಣೆದುರಿಗೇ ಇಡಲು ಎಷ್ಟು ಗಟ್ಟಿ ಮನಸ್ಸು ಬೇಕು!

ಮೈಸೂರಿನಲ್ಲಿ ಚಿತ್ರಗಳಿಗೆ ಬರವಿಲ್ಲ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಪುರಾಣ ಸ್ತ್ರೀಯರಿದ್ದಾರೆ, ಚಿತ್ರಕಾರ ಹಳ್ದಣ್ಕರರ ದೀಪಧಾರಿಣಿಯಿದ್ದಾಳೆ. ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಚಿನ್ನದ ರೇಕು ಹೊದ್ದ ದೇವತೆಗಳಿದ್ದಾರೆ. ಇವನ್ನೆಲ್ಲ ನಾನು ಪ್ರೀತಿಯಿಂದಲೇ ನೋಡಿದ್ದೇನೆ. ಆದರೆ ಆ ಅರಮನೆಯ ಕಲ್ಲು ಹೊತ್ತವರು, ನಸುಕಿನಲ್ಲೇ ದೇವರಾಜ ಮಾರುಕಟ್ಟೆಗೆ ವೀಳ್ಯದೆಲೆಯ ಕಟ್ಟು ಇಳಿಸುವವರು ಆ ಗೋಡೆಗಳ ಮೇಲೆ ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಸೆಕೊಟೊ ನನ್ನಲ್ಲಿ ಎಬ್ಬಿಸಿದ್ದಾರೆ. ಹಳ್ಳಿಯ ದುಡಿಮೆ ನಮ್ಮ ಪ್ರದರ್ಶನಗಳಿಗೆ ಬರುವುದಿಲ್ಲವೆಂದಲ್ಲ. ಬಹುಪಾಲು ಅದು ಬರುವುದು ಸೂರ್ಯಾಸ್ತದ ಎದುರು ನೇಗಿಲು ಹೊತ್ತ ಕಪ್ಪು ನೆರಳಾಗಿ, ಮುಖವೇ ಇಲ್ಲದೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ಮಂಡ್ಯದ ಬಳಿ ಒಂದು ಆಲೆಮನೆಯಲ್ಲಿ ಪಾಕ ನೋಡುವ ಹಿರಿಯರೊಬ್ಬರನ್ನು ಕಂಡಿದ್ದೇನೆ. ಕೊಪ್ಪರಿಗೆಯ ಹಬೆಯಲ್ಲಿ ನಿಂತು, ಕುದಿಯುವ ಪಾಕದ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಒಲೆಗೆ ಸಿಪ್ಪೆ ತಳ್ಳುತ್ತಿದ್ದ ಹುಡುಗನಿಗೆ ಉರಿ ತಗ್ಗಿಸಲು ಅವರು ಕಣ್ಣಲ್ಲೇ ಹೇಳುತ್ತಿದ್ದರು. ಆ ಕ್ಷಣದ ತಪ್ಪು ಒಂದಿಡೀ ಕೊಪ್ಪರಿಗೆ ಬೆಲ್ಲವನ್ನು ಕೆಡಿಸಬಲ್ಲದು. ಆಲೆಮನೆಯ ಯಜಮಾನರೂ ಅವರ ಮಾತಿಗೇ ಕಾಯುತ್ತಾರೆ. ನಾನು ಮೊಬೈಲ್ ಎತ್ತಿದಾಗ ಅವರು ಕೈ ಅಡ್ಡ ಮಾಡಿ, ‘ತಡೀರಿ ಸಾ, ಇದ್ನ ಇಳ್ಸಿ ಅಂಗಿ ಹಾಕ್ಕಂಡ್ ಬತ್ತೀನಿ, ಆಮ್ಯಾಲೆ ತಗೀರಿ’ ಎಂದರು. ಬೆವರಿದ ಮೈಯ ಚಿತ್ರವೇ ನೈಜವೆಂದು ಹೊರಗಿನಿಂದ ಹೋದ ನಮಗೆ ಅನ್ನಿಸಬಹುದು, ಆದರೆ ತಾನು ಹೇಗೆ ಕಾಣಬೇಕೆಂದು ನಿರ್ಧರಿಸುವ ಹಕ್ಕು ಅವರದೇ ಆಗಿತ್ತು. ಅಂಗಿ ತೊಟ್ಟು, ತಲೆ ಬಾಚಿ, ಕೊಪ್ಪರಿಗೆಯ ಪಕ್ಕದಲ್ಲೇ ಅವರು ನೇರವಾಗಿ ನಿಂತರು.

ಮೈಸೂರಿನ ‘ಕಾವಾ’ ದೃಶ್ಯಕಲಾ ಕಾಲೇಜಿನಲ್ಲಿ ಕಲಿಯುತ್ತಿರುವವರಲ್ಲಿ ಮಂಡ್ಯ ಸೀಮೆಯ ರೈತರ, ಕೂಲಿಕಾರರ ಮಕ್ಕಳೂ ಇದ್ದಾರೆ, ಕೊಪ್ಪರಿಗೆಯ ಬಿಸಿ ಅವರಿಗೆ ಹೊಸದಲ್ಲ. ಅವರಲ್ಲಿ ಯಾರಾದರೂ ಆ ಹಿರಿಯರಂಥವರನ್ನು ಆಳೆತ್ತರದ ಕ್ಯಾನ್ವಾಸಿನ ಮೇಲೆ, ಮುಖ ಸ್ಪಷ್ಟವಾಗಿ ಕಾಣುವಂತೆ ಬರೆದರೆ, ಅದನ್ನು ಗ್ಯಾಲರಿಯಲ್ಲಿ ತೋರಿಸುವ ಮುನ್ನ ಆ ಆಲೆಮನೆಯ ಗೋಡೆಗೇ ನೇತುಹಾಕಬೇಕೆಂದು ನಾನು ಕೇಳಿಕೊಳ್ಳುತ್ತೇನೆ.