ಮಿಯಾಕೆ ನಿರಿಗೆ ನಿಲ್ಲುತ್ತದೆ, ರೇಷ್ಮೆ ಸೀರೆಯ ನಿರಿಗೆ ಯಾಕೆ ನಿಲ್ಲದು?

“ಜಪಾನಿನ ಫ್ಯಾಷನ್ ಡಿಸೈನರ್ ಇಸ್ಸೆ ಮಿಯಾಕೆ ಬಟ್ಟೆಯ ನಿರಿಗೆ ಮಷಿನ್‌ಗೆ ಹಾಕಿದರೂ ಬಿಡುವುದಿಲ್ಲವಂತೆ. ನನ್ನ ರೇಷ್ಮೆ ಸೀರೆಗೂ ಹಾಗೇ ಖಾಯಂ ನಿರಿಗೆ ಕೂರಿಸೋಕಾಗುತ್ತಾ?” ಪ್ರೀ-ಪ್ಲೀಟಿಂಗ್ (ಉಡುವ ಮೊದಲೇ ಸೀರೆಗೆ ನಿರಿಗೆ ಹಾಕಿ ಇಸ್ತ್ರಿ ಮಾಡಿಸುವುದು) ಮನೆಮಾತಾದ ಮೇಲೆ ಇದನ್ನು ಕೇಳದವರಿಲ್ಲ.

ಆಗುವುದಿಲ್ಲ. ಯಾಕೆ ಅಂತ ಗೊತ್ತಾದರೆ ಆ ಮನುಷ್ಯ ಎಂಥ ಕಸುಬುದಾರ ಅನ್ನುವುದೂ ಗೊತ್ತಾಗುತ್ತದೆ. 1938ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿ, 2022ರ ಆಗಸ್ಟ್ 5ರಂದು ತೀರಿಕೊಂಡ ಮಿಯಾಕೆ ನಮ್ಮಲ್ಲಿ ಹೆಚ್ಚಿನವರಿಗೆ ಸ್ಟೀವ್ ಜಾಬ್ಸ್‌ನ ಕಪ್ಪು ಟರ್ಟಲ್‌ನೆಕ್ ಮಾಡಿಕೊಟ್ಟವರಾಗಿ ಮಾತ್ರ ಗೊತ್ತು. ಅನ್ಯಾಯ.

ರೇಷ್ಮೆ, ಹತ್ತಿ ಎಳೆಯೊಳಗಿನ ಅಣುಗಳನ್ನು ಹಿಡಿದಿಡುವುದು ಹೈಡ್ರೋಜನ್ ಬಂಧ. ಇಸ್ತ್ರಿ ಕೂರಿಸಿದ ಗೆರೆಗೂ ಅದೇ ಆಸರೆ. ನೀರು, ಬೆವರು ತಾಕಿತೋ, ಬಂಧ ಸಡಿಲ, ಗೆರೆ ಮಾಯ. ವೆನಿಸ್‌ನ ಡಿಸೈನರ್ ಫಾರ್ಚುನಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ರೇಷ್ಮೆಗೆ ಅದ್ಭುತ ನಿರಿಗೆ ಕೂರಿಸಿದ್ದರು. ಆದರೆ ಆ ಗೌನ್ ಒದ್ದೆಯಾದರೆ ಮತ್ತೆ ನಿರಿಗೆ ಹಾಕಿಸಲು ಅವರಲ್ಲಿಗೇ ಕಳಿಸಬೇಕಿತ್ತು. ಪಾಲಿಯೆಸ್ಟರ್ ಹಾಗಲ್ಲ. ಸುಮಾರು 80 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, 180ರಿಂದ 200ರಲ್ಲಿ ಒತ್ತಿ ಹಿಡಿದು ತಣಿಸಿದರೆ ಆ ಆಕಾರವನ್ನೇ ನೆನಪಿಟ್ಟುಕೊಳ್ಳುತ್ತದೆ. ತಣ್ಣೀರಿಗೆ ಅದನ್ನು ಅಳಿಸುವ ಶಕ್ತಿಯಿಲ್ಲ.

ಪಾಲಿಯೆಸ್ಟರ್ ನಿರಿಗೆ ಮಿಯಾಕೆಗಿಂತ ಮೊದಲೂ ಇತ್ತು. ಅವರು ಮಾಡಿದ್ದು ಕೆಲಸದ ಕ್ರಮವನ್ನೇ ತಿರುಗಿಸಿದ್ದು. ಸಾಮಾನ್ಯವಾಗಿ ಬಟ್ಟೆಗೆ ಮೊದಲು ನಿರಿಗೆ, ಆಮೇಲೆ ಕತ್ತರಿ, ಹೊಲಿಗೆ. ಹಾಗೆ ಮಾಡಿದರೆ ಹೊಲಿಗೆ ಬಿದ್ದಲ್ಲಿ ನಿರಿಗೆ ಚಪ್ಪಟೆಯಾಗಿ ಕೂತು, ಕಂಕುಳಲ್ಲಿ ಬಿಗಿಯುತ್ತದೆ. ಮಿಯಾಕೆ ಉಡುಪನ್ನು ಎರಡೂವರೆ–ಮೂರು ಪಟ್ಟು ದೊಡ್ಡದಾಗಿ ಹೊಲಿಸಿ, ಎರಡು ಕಾಗದಗಳ ನಡುವೆ ಇಟ್ಟು ಶಾಖದ ಪ್ರೆಸ್‌ಗೆ ಕೊಟ್ಟರು. ಬಟ್ಟೆಯ ಜೊತೆ ಹೊಲಿಗೆಯೂ ನಿರಿಗೆಯಾಗಿ ಹೊರಬಂತು. ಹಾಕಿಕೊಂಡವರು ಕೈ ಎತ್ತಿದರೆ ಅದೂ ಹಿಗ್ಗುತ್ತದೆ. 1991ರಲ್ಲಿ ಫ್ರಾಂಕ್‌ಫರ್ಟ್ ಬ್ಯಾಲೆಯ ನರ್ತಕರು ಇದನ್ನು ಉಟ್ಟು ಕುಣಿದರು. 1993ರಲ್ಲಿ ‘ಪ್ಲೀಟ್ಸ್ ಪ್ಲೀಸ್’ ಹೆಸರಲ್ಲಿ ಅಂಗಡಿಗೆ ಬಂತು. ಪಾಲಿಯೆಸ್ಟರ್ ಅಂದರೆ ಮೂಗು ಮುರಿಯುವವರು ಆ ತೋಳನ್ನು ಒಮ್ಮೆ ಎಳೆದು ಬಿಟ್ಟು ನೋಡಬೇಕು.

ನಿಮ್ಮದು ಪಾಲಿಯೆಸ್ಟರ್ ಜಾರ್ಜೆಟ್ ಆದರೆ ನಿರಿಗೆ ಹಾಕಿಸಬಹುದು. ಒಂದರ ಪಕ್ಕ ಒಂದು ಒತ್ತಾಗಿ ಮಡಚುವ ನಿರಿಗೆ ಮೂರು ಪಟ್ಟು ಬಟ್ಟೆ ತಿನ್ನುತ್ತದೆ: 1 ಮೀಟರ್ ಅಗಲ ಬೇಕಿದ್ದರೆ 3 ಮೀಟರ್. ದಾರವೂ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ಶಾಖದ ಮಡಿಕೆ ಹಿಡಿಯದು. ಎಲ್ಲರೂ ಕೆಡಿಸುವುದು ಕೊನೆಯಲ್ಲಿ: ಬಿಸಿ ಇರುವಾಗಲೇ ಕಾಗದ ಬಿಚ್ಚಿಬಿಡುತ್ತಾರೆ. ಪೂರ್ತಿ ಆರುವ ತನಕ ಕೈ ಹಾಕಬೇಡಿ. ಆಮೇಲೆ ತಣ್ಣೀರಲ್ಲಿ ಒಗೆಯಿರಿ, ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ, ಹ್ಯಾಂಗರ್‌ಗೆ ಹಾಕದೆ ಚಾಪೆಯಂತೆ ಸುತ್ತಿಡಿ.

ರೇಷ್ಮೆಗೆ ಉಡುವ ಹಿಂದಿನ ದಿನದ ಇಸ್ತ್ರಿಯೇ ಗತಿ. ಪ್ರೀ-ಪ್ಲೀಟ್ ಮಾಡಿಸಿದ್ದನ್ನು ಹಾಗೇ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಡಬೇಡಿ, ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತದೆ.