ತುಪ್ಪದ ಡಬ್ಬಿ ಹಿಡಿದು ತೀರ್ಥನ್ ಕಣಿವೆಗೆ: ನಮ್ಮ ತಯಾರಿಯ ದಿನಚರಿ

ಜನವರಿ 26

ಮೇ ರಜೆಗೆ ಎಲ್ಲಿಗೆ ಹೋಗೋಣ ಎಂಬ ಮಾತು ನಮ್ಮ ಮನೆಯಲ್ಲಿ ಪ್ರತಿವರ್ಷ ಮೇ ತಿಂಗಳಲ್ಲೇ ಶುರುವಾಗುತ್ತದೆ, ಧಾರವಾಡಕ್ಕೆ ಹೋಗಿ ಬರುವುದರಲ್ಲಿ ಮುಗಿಯುತ್ತದೆ. ಈ ಸಲ ಜನವರಿಯಲ್ಲೇ ಎಲ್ಲರೂ ಕೂತೆವು. ಮಗಳಿಗೆ ಎಂಟು ವರ್ಷ, ಅವಳಿಗೆ ಹಿಮ ಕಾಣಬೇಕು. ನನಗೆ ದೇವದಾರು ಕಾಡಿನಲ್ಲಿ ನಡೆಯಬೇಕು. ಬೆಳಗಾವಿಯ ನಾದಿನಿ, ಅವಳ ಗಂಡ, ಒಂಬತ್ತನೇ ಕ್ಲಾಸಿನ ಮಗ ಮೂವರೂ ಬರುತ್ತಾರಂತೆ. ನನ್ನ ಅತ್ತಿ, ಅಂದರೆ ಗಂಡನ ಅವ್ವನಿಗೆ 68 ವರ್ಷ, ಎಡ ಮೊಣಕಾಲು ನೋವು. “ಮ್ಯಾಲ ಹತ್ತಿ ಏನ್ ನೋಡೋದದ? ನೀವ ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ” ಅಂದರು. ಅವರನ್ನು ಪುಣೆಯ ಬಿಸಿಲಿಗೆ ಬಿಟ್ಟು ನಾವು ತಂಪಿಗೆ ಹೋಗುವುದು ನನ್ನಿಂದ ಆಗದ ಮಾತು.

ಮೊದಲು ಉತ್ತರಾಖಂಡದ ಹೂವಿನ ಕಣಿವೆ ಎಂದುಕೊಂಡೆವು. ಆ ಉದ್ಯಾನ ಬಾಗಿಲು ತೆರೆಯುವುದೇ ಜೂನ್ 1ಕ್ಕೆ, ಹೂವು ತುಂಬುವುದು ಮಳೆ ಬಿದ್ದ ಮೇಲೆ. ಮುನ್ನಾರಿನ ಎರವಿಕುಲಂ ಹತ್ತಿರ, ಸುಲಭ, ಆದರೆ ಅಲ್ಲಿ ಹಿಮ ಇಲ್ಲ. ಕೊನೆಗೆ ಹಿಮಾಚಲದ ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನಕ್ಕೆ ಬಂದು ನಿಂತೆವು.

ಫೆಬ್ರುವರಿ 8

ವಾರವಿಡೀ ಓದಿದೆ. 754 ಚದರ ಕಿಲೋಮೀಟರಿನ ಕಾಡು, 1999ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾಯಿತು, 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನನ್ನ ಮನಸ್ಸು ಹಿಡಿದದ್ದು ಬೇರೆಯೇ ಸಂಗತಿ. ಇದರೊಳಗೆ ವಾಹನ ಓಡುವ ರಸ್ತೆ ಇಲ್ಲ. ತಾಡೋಬಾದಲ್ಲಿ ಜೀಪಿನಲ್ಲಿ ಕೂತು ಹುಲಿಗೆ ಕಾದ ಹಾಗಲ್ಲ, ಇಲ್ಲಿ ಏನು ನೋಡಿದರೂ ಕಾಲಿನಿಂದಲೇ ನೋಡಬೇಕು. ತೀರ್ಥನ್, ಸೈಂಜ್, ಜೀವಾ, ಪಾರ್ವತಿ, ಈ ನಾಲ್ಕು ಹೊಳೆಗಳ ಮೂಲ ಇದೇ ಬೆಟ್ಟಗಳು. ನಾಲ್ಕೂ ಕೊನೆಗೆ ಬಿಯಾಸ್ ಸೇರುತ್ತವೆ.

ಇವರು ಮಾಡಿದ ಮೊದಲ ಪಟ್ಟಿಯಲ್ಲಿ ಶಿಮ್ಲಾ, ಮನಾಲಿ, ಕಸೋಲ್, ತೀರ್ಥನ್ ಎಲ್ಲವೂ ಇದ್ದವು. ಒಂಬತ್ತು ದಿನಕ್ಕೆ ಐದು ಹೋಟೆಲು. ಪ್ರತಿದಿನ ಚೀಲ ಕಟ್ಟುವುದು, ಬಿಚ್ಚುವುದು, ಘಾಟಿನ ತಿರುವಿನಲ್ಲಿ ಮಗಳು ವಾಂತಿ ಮಾಡುವುದು. ನಾನು ಒಪ್ಪಲಿಲ್ಲ. ಒಂದೇ ಕಣಿವೆ, ಒಂದೇ ಮನೆ, ಆರು ರಾತ್ರಿ ಅಂದೆ. ಎರಡು ದಿನ ವಾದ ನಡೆಯಿತು. ನಾದಿನಿ ಫೋನಿನಲ್ಲಿ, “ವೈನಿ ಹೇಳೋದ ಖರೆ ಅದ ಅಣ್ಣಾ, ಅವ್ವಗ ದಿನಾ ಕಾರಿನ್ಯಾಗ ಕೂಡ್ಲಿಕ್ಕೆ ಆಗಂಗಿಲ್ಲ” ಅಂದ ಮೇಲೆ ಇವರು ಪಟ್ಟಿ ಹರಿದರು. ತೀರ್ಥನ್ ಮತ್ತು ಫಲಾಚನ್ ಹೊಳೆ ಕೂಡುವ ಗುಶೈನಿಯಲ್ಲಿ ವಸತಿ ಎಂದಾಯಿತು.

ಫೆಬ್ರುವರಿ 15

ನಮ್ಮ ಮನೆ ಪುಣೆಯ ಸಹಕಾರನಗರದಲ್ಲಿ, ಪರ್ವತಿ ಗುಡ್ಡ ಮಗ್ಗುಲಲ್ಲೇ. ಬೆಳಿಗ್ಗೆ ಆರಕ್ಕೆ ಅತ್ತಿಯನ್ನು ಕರೆದುಕೊಂಡು ಹೋದೆ. 103 ಮೆಟ್ಟಿಲು. ನಾಲ್ಕು ಕಡೆ ಕೂತರು, ಮೇಲೆ ಮುಟ್ಟಲು 26 ನಿಮಿಷ. ದೇವರಿಗೆ ಕೈಮುಗಿದು, “ಇದ ಇಷ್ಟ ಆದ್ರ ಹಿಮಾಲಯ ಹೆಂಗ ಆದೀತ ಯವ್ವಾ?” ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಮೂಳೆ ಡಾಕ್ಟರು ತೊಡೆಯ ಮುಂಭಾಗದ ಸ್ನಾಯುವಿಗೆ ಎರಡು ವ್ಯಾಯಾಮ ಹೇಳಿಕೊಟ್ಟಿದ್ದಾರೆ: ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹತ್ತು ಎಣಿಸುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಧಾರಾವಾಹಿ ನೋಡುವಾಗ ಮಾಡಲಿ ಎಂದು ಗೊತ್ತುಮಾಡಿದೆವು. ಮಾಡಿಸುವ ಕೆಲಸ ಮಗಳದು.

ಮಾರ್ಚ್ 1

ಇಡೀ ತಯಾರಿ ತಿರುಗಿದ್ದು ಈ ದಿನ.

ಜಲೋರಿ ಘಾಟಿಯ ಬಗ್ಗೆ ಓದಿ ಹೇಳುತ್ತಿದ್ದೆ. ಉದ್ಯಾನದ ಹೊರಗಿನ ಜಾಗ ಅದು, 3,120 ಮೀಟರ್ ಎತ್ತರದವರೆಗೂ ಕಾರು ಹೋಗುತ್ತದೆ, ತುದಿಯಲ್ಲಿ ಮಹಾಕಾಳಿಯ ಗುಡಿ. ಅಲ್ಲಿಂದ ಓಕ್ ಮರಗಳ ನಡುವೆ ಐದು ಕಿಲೋಮೀಟರ್ ನಡೆದರೆ ಸೆರೋಲ್ಸರ್ ಎಂಬ ಚಿಕ್ಕ ಕೆರೆ, ದಂಡೆಯಲ್ಲಿ ಬೂಢಿ ನಾಗಿನ್ ದೇವಿ. ಕೆರೆಗೆ ಬಿದ್ದ ಎಲೆಯನ್ನು ಒಂದು ಪುಟ್ಟ ಹಕ್ಕಿ ಹೆಕ್ಕಿ ತೆಗೆಯುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ಭಕ್ತರು ದೇವಿಗೆ ತುಪ್ಪ ಅರ್ಪಿಸುತ್ತಾರೆ.

ಅತ್ತಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ನಾಗಮ್ಮಗ ನಾವು ಹಾಲು ಎರೀತೀವಿ. ಅಲ್ಲೆ ತುಪ್ಪ ಅಂತೀಯೇನು?” ಸ್ವಲ್ಪ ಹೊತ್ತಿನ ಮೇಲೆ, “ಎಷ್ಟು ದೂರ ಅಂದಿ?” ಎಂದು ಕೇಳಿದರು. ಹೋಗುವಾಗ ಐದು, ಬರುವಾಗ ಐದು, ಒಟ್ಟು ಹತ್ತು ಕಿಲೋಮೀಟರ್ ಅಂದೆ. “ಹಂಗಾರ ಮನಿ ತುಪ್ಪಾನ ಒಯ್ಯೋಣು.”

ಅಲ್ಲಿಯವರೆಗೆ ನಾನು ಅವರನ್ನು ನಮ್ಮ ಪ್ರವಾಸಕ್ಕೆ ಒಪ್ಪಿಸುತ್ತಿದ್ದೆ. ಈಗ ಅವರಿಗೆ ಅವರದೇ ಕೆಲಸ ಸಿಕ್ಕಿತು. ಮಾರನೆಯ ಬೆಳಿಗ್ಗೆ ಐದೂವರೆಗೆ ಶೂ ಹಾಕಿಕೊಂಡು ಅವರೇ ನನ್ನನ್ನು ಎಬ್ಬಿಸಿದರು.

ಮಾರ್ಚ್ 19, ಯುಗಾದಿ

ರೈಲಿನ ಟಿಕೆಟು. ವಾಸ್ಕೋದಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಮೀರಜ್, ಪುಣೆ ದಾಟಿ ದಿಲ್ಲಿಯ ನಿಜಾಮುದ್ದೀನಿಗೆ ಹೋಗುತ್ತದೆ. ನಾದಿನಿಯ ಮನೆಯವರು ಮೇ 18ರ ಸಂಜೆ ಬೆಳಗಾವಿಯಲ್ಲಿ ಹತ್ತಿದರೆ ನಾವು 19ರ ನಸುಕಿನಲ್ಲಿ ಪುಣೆಯಲ್ಲಿ ಹತ್ತುತ್ತೇವೆ. ಮುಂಗಡ ಬುಕಿಂಗ್ ಈಗ 120 ದಿನವಲ್ಲ, 60 ದಿನ. 2024ರ ನವೆಂಬರಿನಿಂದ ಹೀಗೆ. ನಮ್ಮ ಹತ್ತುವ ದಿನ 19 ಆದ್ದರಿಂದ ಬುಕಿಂಗ್ ಮಾರ್ಚ್ 20ಕ್ಕೆ ತೆರೆಯುತ್ತದೆ ಎಂದೇ ನಾನು ಲೆಕ್ಕ ಹಾಕಿದ್ದೆ. ನಾದಿನಿಯ ಗಂಡ ತಿದ್ದಿದರು: 60 ದಿನ ಎಣಿಸುವುದು ರೈಲು ತನ್ನ ಮೊದಲ ನಿಲ್ದಾಣ ಬಿಡುವ ದಿನದಿಂದ. ವಾಸ್ಕೋದಿಂದ 18ಕ್ಕೆ ಹೊರಡುವುದರಿಂದ ಪುಣೆಯ ಟಿಕೆಟೂ ಮಾರ್ಚ್ 19ರ ಬೆಳಿಗ್ಗೆ ಎಂಟಕ್ಕೇ ತೆರೆಯುತ್ತದೆ. ಒಂದು ದಿನ ತಡಮಾಡಿದ್ದರೆ ಬೇಸಿಗೆ ರಜೆಯ ಗರ್ದಿಯಲ್ಲಿ ಸೀಟು ಕನಸೇ. ರಾತ್ರಿ ದಾಟಿ ಬರುವ ರೈಲು ಹತ್ತುವವರು ಇದನ್ನು ನೆನಪಿಡಿ.

ಎದುರು ಮನೆಯವರು ಬಾಲ್ಕನಿಯಲ್ಲಿ ಗುಡಿ ಪಾಡವಾದ ಗುಡಿಕೋಲು ಏರಿಸುತ್ತಿದ್ದರು. ನಾವು ಬೇವು ಕುಡಿದು ಎರಡು ಫೋನು, ಒಂದು ಲ್ಯಾಪ್‌ಟಾಪು ಹಿಡಿದು ಕೂತೆವು. ಎಂಟು ಗಂಟೆ ನಾಲ್ಕು ನಿಮಿಷಕ್ಕೆ ನಮ್ಮ ನಾಲ್ವರದೂ ಖಚಿತವಾಯಿತು, ಅತ್ತಿಗೆ ಕೆಳಗಿನ ಬರ್ತ್. ಐದು ವರ್ಷ ದಾಟಿದ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ಹಣ. ಒಂದು ಹಗಲು, ಒಂದು ರಾತ್ರಿಯ ದಾರಿಯಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸುವುದು ಬೇಡವೆಂದು ಕೊಟ್ಟೆವು.

ಮಾರ್ಚ್ 30

ಮರಳುವ ಟಿಕೆಟೂ ಆಯಿತು, ಮೇ 29ಕ್ಕೆ. ಚಂಡೀಗಡದಿಂದ ಅದೇ ದಿನ ಬಂದು ರೈಲು ಹಿಡಿಯುವ ಸಾಹಸ ಬೇಡವೆಂದು ದಿಲ್ಲಿಯಲ್ಲಿ ಒಂದು ರಾತ್ರಿ ಇಟ್ಟುಕೊಂಡಿದ್ದೇವೆ.

ಏಪ್ರಿಲ್ 12

ಪುಣೆ ಹತ್ತಿರದ ಸಿಂಹಗಡ ಕೋಟೆ. ಇದು ನನ್ನ ತಪ್ಪು ನಿರ್ಧಾರ. ಪರ್ವತಿ ಹತ್ತುವ ಹೊತ್ತು 26ರಿಂದ 11 ನಿಮಿಷಕ್ಕೆ ಇಳಿದಿತ್ತು, ತಳಜಾಯಿ ಕಾಡಿನಲ್ಲಿ ಆರು ಕಿಲೋಮೀಟರ್ ಆರಾಮಾಗಿ ನಡೆಯುತ್ತಿದ್ದರು, ಆ ಹುರುಪಿನಲ್ಲಿ ಕೋಟೆಯ ಬುಡದ ಅತಕರವಾಡಿಯಿಂದ ಹತ್ತಿಸಿದೆ. ಹತ್ತಿದ್ದು ಚೆನ್ನಾಗಿಯೇ ಆಯಿತು, ಎರಡು ತಾಸು ನಲವತ್ತು ನಿಮಿಷ. ಮೇಲೆ ಝುಣಕಾ ಭಾಕರಿ ತಿಂದು ಮಡಕೆಯ ಮೊಸರು ತಿಂದೆವು. ಅತ್ತಿಯ ಮುಖದ ಮೇಲಿನ ಸಂತೋಷ ನೋಡಿ, ಇಳಿಯಲು ಜೀಪು ಹಿಡಿಯೋಣ ಎಂದು ಇವರು ಅಂದಾಗ ಬೇಡ ಅಂದವಳೂ ನಾನೇ. ಏರುವುದು ದಮ್ಮಿನ ಪ್ರಶ್ನೆ, ಇಳಿಯುವುದು ಮೊಣಕಾಲಿನದು. ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಅರ್ಧ ಇಳಿಯುವಷ್ಟರಲ್ಲಿ ಕಾಲು ಎಳೆಯತೊಡಗಿದರು, ಮಾತು ನಿಂತಿತು. ರಾತ್ರಿ ಮಂಡಿ ಬಾತಿತ್ತು. ಐಸ್ ಇಟ್ಟು ಕೂತಾಗ ಅವರೇ ನನ್ನ ತಲೆ ಸವರಿದರು. ನನಗೆ ಅಳು ತಡೆಯಲಾಗಲಿಲ್ಲ.

ಏಪ್ರಿಲ್ 25

ಹತ್ತು ದಿನ ಪೂರ್ತಿ ವಿಶ್ರಾಂತಿ. ಬಾವು ಇಳಿದಿದೆ. ಈಗ ಗುಡ್ಡದ ಮಾತೇ ಇಲ್ಲ. ಸೆರೋಲ್ಸರ್ ದಾರಿ ಹೆಚ್ಚಿನಂಶ ಸಮತಟ್ಟು, ಹಾಗಾಗಿ ನಮಗೆ ಬೇಕಾದ್ದು ಮೆಟ್ಟಿಲಲ್ಲ, ದೂರ. ಎರಡು ಕೈಗೆ ಎರಡು ಕೋಲು ತಂದಿದ್ದೇವೆ. ಬೆಳಿಗ್ಗೆ ಐದೂವರೆಗೆ ತಳಜಾಯಿ, ಇವತ್ತು ನಾಲ್ಕು ಕಿಲೋಮೀಟರ್. ಮಗಳು ಕುಟುರ ಹಕ್ಕಿಯ ಟುಕ್ ಟುಕ್ ಎಣಿಸುತ್ತ ಅಜ್ಜಿಯ ಜತೆ ನಡೆಯುತ್ತಾಳೆ. ಹಿಮಾಚಲದ ರಾಜ್ಯಪಕ್ಷಿ ಜುಜುರಾಣಾ ಇದೇ ಉದ್ಯಾನದಲ್ಲಿದೆ, ಎಲ್ಲ ಹಕ್ಕಿಗಳೂ ಒಂದೊಂದು ಗರಿ ಕೊಟ್ಟು ಅದನ್ನು ಸಿಂಗರಿಸಿದವು ಎಂಬ ಕತೆ ಹೇಳಿದ್ದೇನೆ. ಅದು ಬಹಳ ನಾಚಿಕೆಯ ಹಕ್ಕಿ, ಕಾಣುವ ಭರವಸೆ ಕೊಟ್ಟಿಲ್ಲ.

ಬಟ್ಟೆಯ ಚರ್ಚೆಯೂ ಮುಗಿಯಿತು. ಅತ್ತಿ ಸಲ್ವಾರ್ ತೊಡುವುದಿಲ್ಲ. “ನಮ್ಮವ್ವ ಕಚ್ಚಿ ಉಟ್ಟು ಹೊಲದಾಗ ಹಗಲೆಲ್ಲಾ ನಡೀತಿದ್ಲು” ಎಂದು ಪೆಟ್ಟಿಗೆಯಿಂದ ಒಂಬತ್ತು ಗಜದ ಇಳಕಲ್ ಸೀರೆ ತೆಗೆದರು. ಕಚ್ಚೆ ಹಾಕಿ ತಳಜಾಯಿಯಲ್ಲಿ ನಡೆದು ನೋಡಿದೆವು, ಕಾಲಿಗೆ ಎಲ್ಲೂ ತೊಡರಲಿಲ್ಲ. ಒಳಗೆ ಬೆಚ್ಚನೆಯ ಪೈಜಾಮ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಪುಣೆ 560 ಮೀಟರ್, ಜಲೋರಿ 3,120. ಎತ್ತರದಿಂದಲೇ ಹದಿನಾರು ಡಿಗ್ರಿ ಕಡಿಮೆ, ಮೇಲೆ ಗಾಳಿ ಬೇರೆ.

ಮೇ 3

ದಿನಗಳ ಹಂಚಿಕೆ ಇಷ್ಟಕ್ಕೆ ನಿಂತಿದೆ. 20ಕ್ಕೆ ದಿಲ್ಲಿ ಇಳಿದು ಅಂದೇ ಚಂಡೀಗಡ. 21ಕ್ಕೆ ಹಗಲೆಲ್ಲ ಕಾರು, ಔಟ್ ಸುರಂಗಕ್ಕೆ ಮುಂಚೆ ಮನಾಲಿ ದಾರಿ ಬಿಟ್ಟು ಲಾರ್ಜಿ, ಬಂಜಾರ್ ಮೇಲೆ ಗುಶೈನಿ. 22 ಹೊಳೆ ದಂಡೆ, ಅಷ್ಟೇ. 23ಕ್ಕೆ ಉದ್ಯಾನದ ಕಡೆ ನಡಿಗೆ. ಮೊದಲ ಬಿಡಾರ ರೋಲ್ಲಾ ಗುಶೈನಿಯಿಂದ ಸುಮಾರು ಹತ್ತು ಕಿಲೋಮೀಟರ್. ಇವರು, ನಾದಿನಿಯ ಗಂಡ, ಹುಡುಗ ಮೂವರು ಅರಣ್ಯ ಇಲಾಖೆಯ ಪರವಾನಗಿ ಪಡೆದು ಗೈಡ್ ಜತೆ ಅಲ್ಲಿ ಒಂದು ರಾತ್ರಿ ಇರುತ್ತಾರೆ. ನಾವು ನಾಲ್ವರು ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ಹೋಗಿ, ಹನ್ನೆರಡು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ತಿರುಗುವುದು. ಉದ್ಯಾನದ ಗೇಟು ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ. ಜಲೋರಿಯನ್ನು ಬೇಕೆಂದೇ 25ಕ್ಕೆ ಇಟ್ಟೆ. ಎತ್ತರದ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡುತ್ತದೆ, ಮೈ ಒಗ್ಗಲು ನಾಲ್ಕು ದಿನ ಸಿಗಲಿ. ಅಂದೇ ಕೆಳಗಿಳಿದು ಗುಶೈನಿಯಲ್ಲೇ ಮಲಗುವುದು. ಅತ್ತಿಗೆ ತಲೆನೋವು ಬಂದರೆ, ಮಂಡಿ ಹಿಡಿದರೆ ಅವರು ಮತ್ತು ನಾನು ಮಹಾಕಾಳಿಯ ಗುಡಿಯ ಬಳಿಯೇ ಇರುತ್ತೇವೆ, ತುಪ್ಪವನ್ನು ಇವರು ಮುಟ್ಟಿಸುತ್ತಾರೆ. ಇದಕ್ಕೂ ಅವರ ಒಪ್ಪಿಗೆ ಕೇಳಿ ಪಡೆದಿದ್ದೇನೆ.

ಇವತ್ತು ತಳಜಾಯಿಯಲ್ಲಿ ಏಳು ಕಿಲೋಮೀಟರ್, ಬಾವು ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೇಸನ್ ಉಂಡಿ ನಾದಿನಿ ಬೆಳಗಾವಿಯಿಂದ ತರುತ್ತಾಳೆ. ಅತ್ತಿ ದಿನವೂ ಕೆನೆ ಕೂಡಿಡುತ್ತಿದ್ದಾರೆ. 16ಕ್ಕೆ ಬೆಣ್ಣೆ ಕಾಯಿಸುತ್ತಾರಂತೆ.

ಮಧ್ಯಾಹ್ನ ಚೀಲ ತೂಗಿದೆವು. ಅವರ ಬೆನ್ನಿಗೆ ಮೂರು ಕಿಲೋ ಮೀರಬಾರದು ಎಂದು ನಾನು ಹೇಳಿದ್ದೆ. ತುಪ್ಪದ ಸ್ಟೀಲ್ ಡಬ್ಬಿಯನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ ಅಂದರು. ಡಬ್ಬಿಗೆ ಜಾಗ ಆಗಲೆಂದು ಎರಡನೇ ಶಾಲು ತೆಗೆದು ಮಂಚದ ಮೇಲೆ ಇಟ್ಟರು. ಅವರು ಅಡುಗೆಮನೆಗೆ ಹೋದ ಮೇಲೆ ಆ ಶಾಲನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.